ಮನೆಯ ಮಡಕೆ ಮತ್ತು ಅರಸನ ಮುದ್ರೆ: ಗೃಹಮದ್ಯದ ಇತಿಹಾಸವನ್ನು ಕುರಿತು ಕೆಲವು ವಿಚಾರಗಳು

ಭದ್ರಾವತಿಯ ಹಳೇನಗರದಲ್ಲಿ, ಜನರು ಓಲ್ಡ್ ಟೌನ್ ಎಂದೇ ಕರೆಯುತ್ತ ಬಂದಿರುವ ಪೇಟೆಯಲ್ಲಿ, ಪರಿಚಿತರೊಬ್ಬರ ಮನೆಯ ಅಟ್ಟದ ಮೇಲೆ ಕೆಲವು ವರ್ಷಗಳ ಹಿಂದೆ ಒಂದು ಪೆಟ್ಟಿಗೆಯನ್ನು ಕಂಡೆನು. ಮನೆಯ ಯಜಮಾನರು ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಪೆಟ್ಟಿಗೆಯನ್ನು ತಂದವನು ಹೊರದೇಶದಲ್ಲಿ ನೆಲಸಿರುವ ಅವರ ಹಿರಿಯ ಮಗ. ಮನೆಯಲ್ಲಿಯೇ ಬಿಯರು ತಯಾರಿಸುವುದಕ್ಕೆ ಬೇಕಾದ ಸಾಮಗ್ರಿಯೆಲ್ಲ ಅದರಲ್ಲಿ ಇದ್ದಿತು. ಆ ದೇಶಗಳಲ್ಲಿ ಅದನ್ನು ‘ಕಿಟ್’ ಎನ್ನುತ್ತಾರೆ; ಈ ಕೆಲಸಕ್ಕೆ ಮೊದಲ ಸಲ ಕೈಹಾಕುವವರಿಗಾಗಿಯೇ ಅಳತೆಯಿಟ್ಟು ಕಟ್ಟಿಕೊಟ್ಟ ಸಲಕರಣೆ ಅದು. ಮಗನು ಉತ್ಸಾಹದಿಂದ ತಂದಿದ್ದನು, ತಂದೆಯವರು ತೆರೆಯಗೊಡಲಿಲ್ಲ. ಮನೆಯಲ್ಲಿ ಮದ್ಯ ಮಾಡುವುದು ಮರ್ಯಾದೆಯೂ ಅಲ್ಲ, ಕಾನೂನೂ ಅಲ್ಲ ಎಂಬುದು ಅವರ ವಾದ. ಅವರ ಮೊಮ್ಮಗಳು ಇತಿಹಾಸದ ವಿದ್ಯಾರ್ಥಿನಿ. ಆಕೆ ನನ್ನನ್ನು ಕೇಳಿದ ಪ್ರಶ್ನೆ ಇದು: “ದೋಸೆ ಹಿಟ್ಟು ಹುಳಿ ಬರಿಸೋದಕ್ಕೆ ಯಾರ ಅಪ್ಪಣೆಯೂ ಬೇಡ, ಇದಕ್ಕೆ ಮಾತ್ರ ಯಾಕೆ ಬೇಕು ಸರ್?”

ಪ್ರಶ್ನೆಯು ಮೇಲುನೋಟಕ್ಕೆ ಕಾಣುವಷ್ಟು ಸುಲಭವಾದುದಲ್ಲ. ಮದ್ಯದ ಇತಿಹಾಸವನ್ನು ನಾವು ಸಾಮಾನ್ಯವಾಗಿ ಎರಡು ಕಡೆಗಳಿಂದ ಬರೆಯುತ್ತೇವೆ: ಒಂದು ಬೊಕ್ಕಸದ ಕಡೆಯಿಂದ, ಇನ್ನೊಂದು ಪಾನನಿರೋಧದ ವೇದಿಕೆಯ ಕಡೆಯಿಂದ. ಅಬಕಾರಿಯ ಉತ್ಪತ್ತಿ ಎಷ್ಟು, ಅದರಿಂದಾದ ಅನರ್ಥವೆಷ್ಟು ಎಂಬ ಲೆಕ್ಕಗಳು ನಮ್ಮಲ್ಲಿ ಬೇಕಾದಷ್ಟು ಉಂಟು. ಆದರೆ ಅಂಗಡಿಯೂ ಗುತ್ತಿಗೆಯೂ ಅಲ್ಲದೆ ಮನೆಯೊಳಗೆ, ಮನೆಯ ಮಟ್ಟಿಗೆ, ಧಾನ್ಯವನ್ನು ಹುದುಗಿಸಿ ಪಾನೀಯವನ್ನು ಮಾಡಿಕೊಳ್ಳುವ ಅಧಿಕಾರವು ಗೃಹಸ್ಥನಿಗೆ ಎಂದು ಇದ್ದಿತು, ಎಂದು ಹೋಯಿತು ಎಂಬುದನ್ನು ವಿಚಾರಿಸಿದವರು ವಿರಳ. ಪ್ರಕೃತ ಲೇಖನವು ಅಷ್ಟನ್ನೇ ಗುರಿಯಾಗಿ ಉಳ್ಳದ್ದು. ಕುಡಿತವನ್ನು ಸಮರ್ಥಿಸುವುದಾಗಲಿ ಖಂಡಿಸುವುದಾಗಲಿ ಇಲ್ಲಿಯ ಕೆಲಸವಲ್ಲ.

ಮೊದಲು ಪೆಟ್ಟಿಗೆಯನ್ನು ನೋಡೋಣ. ಅದರಲ್ಲಿ ಮುಖ್ಯವಾದುದು ಒಂದು ತಗಡಿನ ಡಬ್ಬ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯಿಂದ, ಎಂದರೆ ಜವೆಗೋಧಿಯಿಂದ, ತೆಗೆದ ಸಿಹಿರಸವನ್ನು ಜೋನಿಬೆಲ್ಲದ ಹದಕ್ಕೆ ಇಂಗಿಸಿ ಅದರಲ್ಲಿ ತುಂಬಿರುತ್ತಾರೆ. ಹಾಪ್ಸ್ ಎಂಬ ಬಳ್ಳಿಯ ಹೂವಿನ ಕಹಿಯನ್ನೂ ಅದಕ್ಕೆ ಮೊದಲೇ ಕೂಡಿಸಿರುತ್ತಾರೆ. ಎರಡನೆಯದು, ಒಣಗಿಸಿದ ಯೀಸ್ಟಿನ ಒಂದು ಸಣ್ಣ ಪೊಟ್ಟಣ. ಉಳಿದದ್ದು ಪಾತ್ರೆಪರಟಿ: ಮುಚ್ಚಳವಿರುವ ಪ್ಲಾಸ್ಟಿಕ್ಕಿನ ಪೀಪಾಯಿ, ಒಳಗಿನ ಅನಿಲ ಹೊರಹೋಗುವಂತೆ, ಹೊರಗಿನ ಗಾಳಿ ಒಳಬಾರದಂತೆ ಮಾಡುವ, ನೀರು ತುಂಬಿದ ನಳಿಕೆ, ದ್ರವದ ಸಾಂದ್ರತೆಯನ್ನು ಅಳೆಯುವ ಗಾಜಿನ ಮಾಪಕ. ಇಂಥ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ ಬರುವ ೧.೭ ಕಿಲೋಗ್ರಾಂ ರಸದ ಡಬ್ಬಕ್ಕೆ ಒಂದು ಕಿಲೋಗ್ರಾಂ ಸಕ್ಕರೆ ಕೂಡಿಸಿ, ಬಿಸಿನೀರಿನಲ್ಲಿ ಕರಗಿಸಿ, ತಣ್ಣೀರು ಬೆರೆಸಿ ೨೩ ಲೀಟರಿಗೆ ತರುತ್ತಾರೆ. ಬಿಸಿ ಆರಿ ಸುಮಾರು ೨೦ ಡಿಗ್ರಿಗೆ ಇಳಿದ ಮೇಲೆ ಯೀಸ್ಟನ್ನು ಉದುರಿಸಿ ಮುಚ್ಚಿಡುತ್ತಾರೆ. ಒಂದು ದಿನ ಕಳೆಯುವುದರೊಳಗೆ ನಳಿಕೆಯಲ್ಲಿ ಗುಳ್ಳೆಗಳು ಏಳತೊಡಗುತ್ತವೆ. ಸಕ್ಕರೆಯು ಕರಗಿರುವಾಗ ಮಾಪಕವು ಮೇಲೆ ತೇಲುತ್ತದೆ. ಸಕ್ಕರೆಯು ಮದ್ಯಸಾರವಾಗುತ್ತ ಹೋದಂತೆ ಅದು ಕೆಳಗೆ ಇಳಿಯುತ್ತದೆ. ಒಂದು ವಾರದ ಮೇಲೆ, ಎರಡು ದಿನಗಳ ಅಂತರದಲ್ಲಿ ನೋಡಿದರೂ ಅದು ಒಂದೇ ಗೀಟಿನಲ್ಲಿ ನಿಂತಿದ್ದರೆ ಹುದುಗು ಮುಗಿದಂತೆ. ಆಗ ಸೀಸೆಗಳಿಗೆ ತುಂಬಿ, ಒಂದೊಂದಕ್ಕೂ ಚಿಟಿಕೆ ಸಕ್ಕರೆ ಹಾಕಿ ಬಿರಡೆ ಬಿಗಿಯುತ್ತಾರೆ. ಆ ಸಕ್ಕರೆಯಿಂದ ಹುಟ್ಟಿದ ಇಂಗಾಲಾಮ್ಲವಾಯುವೇ ನೊರೆಯನ್ನು ಕೊಡುತ್ತದೆ. ಹುದುಗು ಮುಗಿಯುವ ಮೊದಲೇ ಆತುರಪಟ್ಟು ಸೀಸೆಗೆ ತುಂಬಿದರೆ ಸೀಸೆಗಳು ಸಿಡಿಯುತ್ತವೆ. ಮೊದಲ ಸಲ ಮಾಡುವವರ ಇನ್ನೊಂದು ದೊಡ್ಡ ತಪ್ಪು ಪಾತ್ರೆಗಳನ್ನು ಸಾಲದಷ್ಟು ಶುದ್ಧಿಮಾಡುವುದು. ನಮ್ಮ ಮನೆಗಳಲ್ಲಿ ಉಪ್ಪಿನಕಾಯಿ ಜಾಡಿಗೆ ಒದ್ದೆ ಕೈ ತಾಗಿಸಬಾರದು ಎಂದು ಹಿರಿಯರು ಕಾಯುವ ಕಟ್ಟುನಿಟ್ಟೂ ಇದೂ ಒಂದೇ ಜಾತಿಯದು. ಭದ್ರಾವತಿಯ ಏಪ್ರಿಲ್ ತಿಂಗಳ ಸೆಕೆಯಲ್ಲಿ ಈ ಕೆಲಸ ಕೆಡುವುದೇ ಹೆಚ್ಚು. ಮಾಡುವುದಾದರೆ ಮಾರ್ಗಶಿರ ಪುಷ್ಯಗಳ ತಂಪೇ ತಕ್ಕದ್ದು.

ಈಗ ಸುಮಾರು ಎರಡು ಸಹಸ್ರ ವರ್ಷಗಳಷ್ಟು ಹಿಂದಕ್ಕೆ ಹೋಗಬೇಕು. ಹೋಗುವ ದಾರಿಯು ಮಾತ್ರ ಮೈಸೂರಿನ ಮೂಲಕವೇ ಇದೆ. ಮೈಸೂರಿನ ಪ್ರಾಚ್ಯ ಗ್ರಂಥಭಂಡಾರದಲ್ಲಿದ್ದ ರುದ್ರಪಟ್ಟಣದ ಶಾಮಶಾಸ್ತ್ರಿಗಳು ತಂಜಾವೂರು ಕಡೆಯ ಪಂಡಿತರೊಬ್ಬರು ತಂದುಕೊಟ್ಟ ತಾಳೆಯ ಗರಿಯ ಪ್ರತಿಯಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದರು. ೧೯೦೯ರಲ್ಲಿ ಮೂಲವು ಮುದ್ರಿತವಾಯಿತು. ೧೯೧೫ರಲ್ಲಿ ಅವರದೇ ಇಂಗ್ಲಿಷ್ ಅನುವಾದವು ಪುಸ್ತಕರೂಪದಲ್ಲಿ ಹೊರಬಂದಿತು. ಗ್ರಂಥದ ಕಾಲದ ವಿಷಯದಲ್ಲಿ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಿಂದ ಕ್ರಿಸ್ತಶಕ ಮೂರನೆಯ ಶತಮಾನದವರೆಗೆ ಅಭಿಪ್ರಾಯಗಳು ಹರಡಿಕೊಂಡಿವೆ. ಆ ಚರ್ಚೆ ಇಲ್ಲಿ ಬೇಡ. ಎರಡನೆಯ ಅಧಿಕರಣದ ಇಪ್ಪತ್ತೈದನೆಯ ಅಧ್ಯಾಯವಾದ ಸುರಾಧ್ಯಕ್ಷ ಪ್ರಕರಣವು ನಮಗೆ ಪ್ರಕೃತವಾದುದು.

ಅಲ್ಲಿ ಮೇದಕವೆಂಬ ಪಾನೀಯದ ವಿಧಾನವು ಹೀಗಿದೆ: ನೀರು ಒಂದು ದ್ರೋಣ, ಅಕ್ಕಿ ಅರ್ಧ ಆಢಕ, ಕಿಣ್ವ ಮೂರು ಪ್ರಸ್ಥ. ದ್ರೋಣಕ್ಕೆ ಹದಿನಾರು ಪ್ರಸ್ಥ, ಆಢಕಕ್ಕೆ ನಾಲ್ಕು ಪ್ರಸ್ಥ ಎಂಬ ಮಾನದಿಂದ ಲೆಕ್ಕ ಹಾಕಿದರೆ ನೀರು ಹದಿನಾರು ಪಾಲು, ಅಕ್ಕಿ ಎರಡು ಪಾಲು, ಕಿಣ್ವ ಮೂರು ಪಾಲು ಆಗುತ್ತದೆ. ಅಕ್ಕಿಗಿಂತ ಕಿಣ್ವವೇ ಹೆಚ್ಚು! ಓದುವವರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಇಂದಿನ ಪೆಟ್ಟಿಗೆಯಲ್ಲಿ ಕೆಲವೇ ಗ್ರಾಂಗಳ ಪೊಟ್ಟಣವು ಇಪ್ಪತ್ತಮೂರು ಲೀಟರಿಗೆ ಸಾಕಾಗಿರುವಾಗ ಅಲ್ಲಿ ಇಷ್ಟೊಂದು ಹುದುಗು ಏಕೆ ಬೇಕಾಯಿತು? ಕಿಣ್ವದ ವಿಧಾನವನ್ನು ನೋಡಿದರೆ ಉತ್ತರ ಸಿಗುತ್ತದೆ. ಹಸಿಯದೋ ಬೇಯಿಸಿದ್ದೋ ಆದ ಉದ್ದಿನ ಹಿಟ್ಟು, ಅದರೊಡನೆ ಅಕ್ಕಿ, ಮೊರಟ ಮೊದಲಾದ ಮೂಲಿಕೆಗಳು ಒಂದೊಂದು ಕರ್ಷ. ಇವನ್ನು ಕಟ್ಟಿ ಮಾಡಿದ್ದೇ ಕಿಣ್ವಬಂಧ. ಎಂದರೆ ಅದು ಹುದುಗೂ ಹೌದು, ಹುದುಗುವ ಧಾನ್ಯವೂ ಹೌದು. ಅಕ್ಕಿಯಲ್ಲಿರುವುದು ಪಿಷ್ಟವೇ ಹೊರತು ಸಕ್ಕರೆಯಲ್ಲ. ಪಿಷ್ಟವನ್ನು ಯೀಸ್ಟು ನೇರವಾಗಿ ತಿನ್ನಲಾರದು. ಯುರೋಪಿನವರು ಬಾರ್ಲಿಯನ್ನು ಮೊಳೆಯಿಸಿ, ಮೊಳಕೆಯಲ್ಲಿ ಹುಟ್ಟುವ ಶಕ್ತಿಯಿಂದ ಪಿಷ್ಟವನ್ನು ಸಕ್ಕರೆಯಾಗಿ ಒಡೆದರು. ಪೂರ್ವದೇಶಗಳ ಜನರು ಹಿಟ್ಟಿನ ಉಂಡೆಗಳ ಮೇಲೆ ಬೂಷ್ಟನ್ನು ಬೆಳೆಸಿ ಅದರಿಂದ ಆ ಕೆಲಸವನ್ನು ಮಾಡಿಸಿದರು. ನಮ್ಮ ಈಶಾನ್ಯ ರಾಜ್ಯಗಳಲ್ಲಿಯೂ ಛೋಟಾನಾಗಪುರದಲ್ಲಿಯೂ ಅಕ್ಕಿಯ ಮದ್ಯಕ್ಕೆ ಬಳಸುವ ಒಣಗಿದ ಬಿಲ್ಲೆಗಳು ಈ ಜಾತಿಯವೇ. ಕೌಟಿಲ್ಯನ ಕಿಣ್ವವೂ ಆ ಕುಲಕ್ಕೆ ಸೇರಿದ್ದೆಂದು ಊಹಿಸಲು ಅಡ್ಡಿಯಿಲ್ಲ. ಮೊದಲೇ ಮಾಡಿಟ್ಟು, ಬೇಕಾದಾಗ ಅಳೆದು ನೀರಿಗೂ ಅಕ್ಕಿಗೂ ಕೂಡಿಸುವ ವಸ್ತುವಾದ ಮೇಲೆ, ಅಟ್ಟದ ಮೇಲಿನ ಪೆಟ್ಟಿಗೆಯ ತತ್ತ್ವವು ಅದರಲ್ಲಿ ಆಗಲೇ ಇದ್ದಿತೆಂದು ಹೇಳಬೇಕಾಗುತ್ತದೆ. ಸುರೆಯ ಮತ್ತು ಕಿಣ್ವದ ಕೆಲಸಕ್ಕೆ ಹೆಂಗಸರನ್ನೂ ಮಕ್ಕಳನ್ನೂ ನಿಯಮಿಸಬೇಕೆಂದು ಅದೇ ಪ್ರಕರಣವು ಹೇಳುತ್ತದೆ. ಈ ಕೈಗಾರಿಕೆಯು ಅಡುಗೆಮನೆಯ ಕೆಲಸದಿಂದ ಇನ್ನೂ ದೂರ ಸರಿದಿರಲಿಲ್ಲವೆಂಬುದಕ್ಕೆ ಇದೊಂದು ಸೂಚನೆ.

ಉದ್ದು ಮತ್ತು ಅಕ್ಕಿ! ವಿದ್ಯಾರ್ಥಿನಿಯ ಪ್ರಶ್ನೆಯಲ್ಲಿದ್ದ ದೋಸೆಯ ಹಿಟ್ಟಿಗೂ ಇವೆರಡೇ ಬೇಕಾದುವು. ಇಡ್ಡಲಿಗೆಯ ಹೆಸರು ಹತ್ತನೆಯ ಶತಮಾನದ ವಡ್ಡಾರಾಧನೆಯಲ್ಲಿ ಬರುತ್ತದೆ; ಸುಮಾರು ೧೦೨೫ರ ಚಾವುಂಡರಾಯನ ಲೋಕೋಪಕಾರದಲ್ಲಿ ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ ರುಬ್ಬುವ ಕ್ರಮವು ಹೇಳಲ್ಪಟ್ಟಿದೆ. ಅಲ್ಲಿ ಅಕ್ಕಿಯ ಮಾತಿಲ್ಲ. ಅಕ್ಕಿ ಕೂಡಿದ್ದು ಅನಂತರದ ಕಾಲದಲ್ಲಿ. ಆದುದರಿಂದ ಕಿಣ್ವದಿಂದ ಇಡ್ಡಲಿ ಹುಟ್ಟಿತೆಂದು ವಂಶಾವಳಿ ಕಟ್ಟುವ ಸಾಹಸ ನನಗೆ ಬೇಡ. ಇಷ್ಟನ್ನು ಮಾತ್ರ ಹೇಳಬಹುದು: ಯಾವ ಧಾನ್ಯ ಯಾವ ಬೇಳೆಯೊಡನೆ ಕೂಡಿದರೆ ಚೆನ್ನಾಗಿ ಹುದುಗುತ್ತದೆ ಎಂಬ ಅರಿವು ನಮ್ಮ ಮನೆಗಳಿಂದ ಎಂದೂ ಮರೆಯಾಗಲಿಲ್ಲ. ಮೊಳಕೆ ಬರಿಸುವ ವಿದ್ಯೆಯೂ ಮರೆಯಾಗಲಿಲ್ಲ. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳೆತ ಮೇಲೆ ಒಣಗಿಸಿ ಹುರಿದು ಬೀಸಿದ ಹಿಟ್ಟಿನಿಂದ ಎಳೆಯ ಮಕ್ಕಳಿಗೆ ಅಂಬಲಿ ಮಾಡುವುದು ಬಯಲುಸೀಮೆಯಲ್ಲಿ ಪ್ರತಿ ತಾಯಿಯೂ ಬಲ್ಲ ಕೆಲಸ. ೧೯೫೦ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಕೇಂದ್ರೀಯ ಆಹಾರ ಸಂಶೋಧನಾಲಯದ ವಿಜ್ಞಾನಿಗಳು ಮೊಳೆತ ರಾಗಿಯ ಗುಣಗಳನ್ನು ಮುಂದೆ ಪರೀಕ್ಷಿಸಿ, ಪಿಷ್ಟವನ್ನು ಒಡೆಯುವ ಶಕ್ತಿಯು ಅದರಲ್ಲಿ ಚೆನ್ನಾಗಿರುವುದನ್ನು ತೋರಿಸಿಕೊಟ್ಟರು. ಬಿಯರಿಗೆ ಬೇಕಾದ ಎರಡು ವಿದ್ಯೆಗಳೂ, ಮೊಳೆಯಿಸುವುದು ಮತ್ತು ಹುದುಗಿಸುವುದು, ಹೀಗೆ ಒಂದೇ ಅಡುಗೆಮನೆಯಲ್ಲಿದ್ದುವು. ಒಂದು ಮಕ್ಕಳ ಅಂಬಲಿಯ ಪಾತ್ರೆಯಲ್ಲಿ ನಿಂತಿತು, ಇನ್ನೊಂದು ದೋಸೆಯ ಹಿಟ್ಟಿನ ಪಾತ್ರೆಯಲ್ಲಿ ನಿಂತಿತು. ಎರಡೂ ಕೂಡಲಿಲ್ಲ, ಅಥವಾ ಕೂಡಬಾರದೆಂದು ಮರ್ಯಾದಸ್ಥ ಮನೆತನಗಳು ತೀರ್ಮಾನಿಸಿದುವು.

ಕಿಣ್ವ ಎಂಬ ಶಬ್ದದ ಗತಿಯೂ ಕುತೂಹಲಕರವಾದುದು. ಇಂದು ಹೈಸ್ಕೂಲಿನ ಹುಡುಗನನ್ನು ಕೇಳಿದರೆ ಕಿಣ್ವವೆಂದರೆ ಎನ್ಜೈಮ್, ಜೀರ್ಣಕ್ರಿಯೆಗೆ ಸಹಾಯಕವಾದ ರಾಸಾಯನಿಕ ಎನ್ನುತ್ತಾನೆ. ಅದು ಹೆಂಡದ ಮಡಕೆಯಿಂದ ಬಂದ ಮಾತೆಂದು ಅವನಿಗೂ ತಿಳಿಯದು, ಬಹುಶಃ ಅವನ ಉಪಾಧ್ಯಾಯರಿಗೂ ತಿಳಿಯದು. ಕನ್ನಡದಲ್ಲಿ ವಿಜ್ಞಾನವನ್ನು ಬರೆದ ಹಿರಿಯರು ಈ ಮಾತನ್ನು ಆರಿಸಿದುದು ಎಷ್ಟು ಒಪ್ಪಾಗಿದೆ ಎಂದರೆ, ೧೮೭೭ರ ಸುಮಾರಿಗೆ ಜರ್ಮನಿಯ ಕ್ಯೂನೆ ಎಂಬ ವಿದ್ವಾಂಸನು ಎನ್ಜೈಮ್ ಎಂಬ ಪದವನ್ನು ಕಟ್ಟಿದಾಗ ಅವನು ಹಿಡಿದುದೂ ‘ಹುದುಗಿನೊಳಗೆ ಇರುವುದು’ ಎಂಬ ಅರ್ಥದ ಗ್ರೀಕ್ ಮಾತನ್ನೇ. ಅದಕ್ಕೆ ಒಂದು ವರ್ಷ ಮೊದಲು, ೧೮೭೬ರಲ್ಲಿ, ಪಾಸ್ತರನು ಬಿಯರನ್ನೇ ವಿಷಯವಾಗಿ ತೆಗೆದುಕೊಂಡು ತನ್ನ ಗ್ರಂಥವನ್ನು ಪ್ರಕಟಿಸಿದ್ದನು. ೧೮೮೩ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯಲ್ಲಿ ಹಾನ್ಸೆನ್ ಎಂಬಾತನು ಒಂದೇ ಜೀವಕೋಶದಿಂದ ಶುದ್ಧವಾದ ಯೀಸ್ಟನ್ನು ಬೆಳೆಸಿದನು. ಪೆಟ್ಟಿಗೆಯ ಪೊಟ್ಟಣವು ಅಷ್ಟು ಚಿಕ್ಕದಾಗಿರುವುದು ಈ ವಿದ್ಯೆಯ ಫಲ.

ಇನ್ನು ಮುಖ್ಯವಾದ ಅಂಶ. ಕೌಟಿಲ್ಯನು ಮದ್ಯವನ್ನು ರಾಜನ ಹಿಡಿತದಲ್ಲಿಟ್ಟವನು. ಗೊತ್ತುಮಾಡಿದ ಸ್ಥಳವಲ್ಲದೆ ಬೇರೆಡೆ ತಯಾರಿಸಿದವನಿಗೂ ಕೊಂಡವನಿಗೂ ಮಾರಿದವನಿಗೂ ಆರುನೂರು ಪಣ ದಂಡ. ಪಾನಗೃಹಗಳಲ್ಲಿ ಹಾಸಿಗೆ, ಆಸನ, ಹೂವು, ಗಂಧ, ನೀರು ಎಲ್ಲವೂ ಇರಬೇಕು. ಜೊತೆಗೆ ಗೂಢಚಾರರೂ ಇರಬೇಕು. ಇಷ್ಟು ಬಿಗಿ ಹಿಡಿದವನು ಎರಡು ಕಡೆ ಕೈಸಡಿಲಿಸುತ್ತಾನೆ. ಗೃಹಸ್ಥರು ತಮ್ಮ ಮನೆಯ ಕಾರ್ಯಗಳಲ್ಲಿ ಶ್ವೇತಸುರೆಯನ್ನು ಮಾಡಿಕೊಳ್ಳಬಹುದು. ಔಷಧಾರ್ಥವಾಗಿ ಅರಿಷ್ಟವನ್ನು ಮಾಡಿಕೊಳ್ಳಬಹುದು. ಉತ್ಸವ, ಸಮಾಜ, ಯಾತ್ರೆಗಳಲ್ಲಿ ನಾಲ್ಕು ದಿನಗಳ ಅನುಮತಿ ಬೇರೆ. ರಾಜಪಣ್ಯವಲ್ಲದ ಮದ್ಯವನ್ನು ಮಾರುವವರು ಮಾತ್ರ ನೂರಕ್ಕೆ ಐದರಂತೆ ಸುಂಕ ಕೊಡಬೇಕು. ಮನೆಯ ಹಬ್ಬದ ಮಡಕೆ ಬೇರೆ, ಪೇಟೆಯ ವ್ಯಾಪಾರದ ಮಡಕೆ ಬೇರೆ ಎಂಬ ಭೇದವನ್ನು ಆ ಕಠಿಣನಾದ ಅರ್ಥಶಾಸ್ತ್ರಕಾರನು ಕಂಡಿದ್ದನು. ಆಧುನಿಕ ರಾಜ್ಯವು ಇದರಲ್ಲಿ ಒಂದನ್ನು ಉಳಿಸಿಕೊಂಡು ಇನ್ನೊಂದನ್ನು ಬಿಟ್ಟಿತು. ತಾನಾಗಿ ಹುಟ್ಟಿದ ಮದ್ಯಸಾರವುಳ್ಳ ಆಸವ ಅರಿಷ್ಟಗಳಿಗೆ ೧೯೫೫ರ ಔಷಧ ಮತ್ತು ಪ್ರಸಾಧನ ಸಾಮಗ್ರಿಗಳ ಸುಂಕದ ಕಾಯಿದೆಯಲ್ಲಿ, ೨೦೧೭ರಲ್ಲಿ ಅದು ರದ್ದಾಗುವವರೆಗೆ, ಪ್ರತ್ಯೇಕ ಸ್ಥಾನವಿದ್ದಿತು. ಶಿವಮೊಗ್ಗದಲ್ಲಾಗಲಿ ಭದ್ರಾವತಿಯಲ್ಲಾಗಲಿ ಯಾವ ಆಯುರ್ವೇದದ ಅಂಗಡಿಗೆ ಹೋದರೂ ದ್ರಾಕ್ಷಾರಿಷ್ಟದ ಸೀಸೆ ದೊರೆಯುತ್ತದೆ. ಗೃಹಸ್ಥನ ಶ್ವೇತಸುರೆಗೆ ಮಾತ್ರ ಎಲ್ಲಿಯೂ ಸ್ಥಾನವಿಲ್ಲ.

ನಡುವೆ ಏನು ನಡೆಯಿತು? ಮಲೆನಾಡಿನ ಮಟ್ಟಿಗೆ ಹೇಳುವುದಾದರೆ, ಇಲ್ಲಿ ಧಾನ್ಯದ ಮದ್ಯಕ್ಕಿಂತ ಮರದ ಕಳ್ಳೇ ಹೆಚ್ಚು ಪ್ರಸಿದ್ಧವಾದುದು. ಬಗನಿಯ ಮರದ ಹೊಂಬಾಳೆಯನ್ನು ಕೊಯ್ದು ಮಡಕೆ ಕಟ್ಟಿದರೆ ಸಾಕು. ಸಿಹಿರಸವು ಇಳಿಯುತ್ತಿರುವಾಗಲೇ ಗಾಳಿಯ ಮತ್ತು ಮಡಕೆಯ ಯೀಸ್ಟು ಸೇರಿ ಕೆಲವು ಗಂಟೆಗಳಲ್ಲಿ ಹುದುಗುತ್ತದೆ. ಮೊಳೆಯಿಸುವುದೂ ಬೇಡ, ಕಿಣ್ವವೂ ಬೇಡ. ಆದರೆ ಮರ ಹತ್ತುವವನು ಬೇಕು. ಹೀಗೆ ವಿದ್ಯೆಯು ಅಡುಗೆಮನೆಯಿಂದ ಮರದ ತುದಿಗೆ, ಹೆಂಗಸರ ಕೈಯಿಂದ ಒಂದು ಕಸುಬಿನವರ ಕೈಗೆ ಹೋಯಿತು. ಹನ್ನೆರಡನೆಯ ಶತಮಾನದ ಶರಣರಲ್ಲಿ ಹೆಂಡದ ಮಾರಯ್ಯನೆಂಬ ವಚನಕಾರನು ಇದ್ದನೆಂಬುದು ಈ ಕಸುಬು ಎಷ್ಟು ಹಿಂದಿನಿಂದ ಪ್ರತ್ಯೇಕವಾಗಿ ನಿಂತಿತ್ತೆಂಬುದನ್ನು ತೋರಿಸುತ್ತದೆ. ೧೮೦೧ರಲ್ಲಿ ಈ ಸೀಮೆಯನ್ನು ಹಾದುಹೋದ ಬುಕಾನನನೂ, ಆ ಶತಮಾನದ ಕೊನೆಯಲ್ಲಿ ಮೈಸೂರು ಗೆಜೆಟಿಯರನ್ನು ಪರಿಷ್ಕರಿಸಿದ ರೈಸ್ ಸಾಹೇಬರೂ ಹಳೆಪೈಕರನ್ನು ಕಳ್ಳು ಇಳಿಸುವವರೆಂದೇ ಮೊದಲು ಗುರುತಿಸುತ್ತಾರೆ. ಗೆಜೆಟಿಯರುಗಳ ಈ ಪದ್ಧತಿಯನ್ನು ಎಚ್ಚರಿಕೆಯಿಂದ ಓದಬೇಕು. ದೀವರು ಎಂದೂ ಕರೆಯಲ್ಪಡುವ ಈ ಜನರು ಗದ್ದೆ ತೋಟಗಳ ದುಡಿಮೆಗಾರರು. ೧೯೫೧ರ ಕಾಗೋಡು ಸತ್ಯಾಗ್ರಹದಲ್ಲಿ ಗೇಣಿದಾರರಾಗಿ ಮುಂದೆ ನಿಂತವರು. ತೆರಿಗೆ ಹುಟ್ಟುವ ಕಸುಬು ಯಾವುದೋ ಅದೇ ಸರಕಾರದ ಕಾಗದದಲ್ಲಿ ಒಂದು ಜನಾಂಗದ ಹೆಸರಾಗಿ ಉಳಿಯಿತು.

ಮುಂದಿನ ಹಂತಗಳು ವಾಚಕರಿಗೆ ಪರಿಚಿತವಾದುವು. ಟಿಪ್ಪು ಸುಲ್ತಾನನು ೧೭೮೭ರಲ್ಲಿ ಬೊಕ್ಕಸದ ನಷ್ಟವನ್ನು ಲೆಕ್ಕಿಸದೆ ಪಾನನಿರೋಧವನ್ನು ಬಯಸಿದನು. ಕಮಿಷನರುಗಳ ಆಳ್ವಿಕೆಯಲ್ಲಿ ಕಬ್ಬನ್ ಸಾಹೇಬರು ೭೬೯ ಬಾಬುಗಳ ಕಿರುಕುಳದ ತೆರಿಗೆಗಳನ್ನು ರದ್ದುಮಾಡಿದರೆಂದು ಹೊಗಳುತ್ತೇವೆ. ಅಬಕಾರಿಯು ಮಾತ್ರ ಗುತ್ತಿಗೆಯ ರೂಪದಲ್ಲಿ ಬೆಳೆಯುತ್ತಲೇ ಹೋಯಿತು. ಗುತ್ತಿಗೆಯೆಂದರೆ ಒಂದು ಪ್ರದೇಶದಲ್ಲಿ ಮಾರುವ ಏಕಸ್ವಾಮ್ಯವನ್ನು ಹರಾಜಿನಲ್ಲಿ ಕೊಂಡುಕೊಳ್ಳುವುದು. ಹಾಗೆ ಕೊಂಡವನಿಗೆ ಮನೆಯೊಳಗೆ ಹುದುಗುವ ಪ್ರತಿಯೊಂದು ಮಡಕೆಯೂ ನಷ್ಟವೇ. ಗೃಹಸ್ಥನ ಹಬ್ಬದ ಮಡಕೆಯು ‘ಕಳ್ಳಮಾಲು’ ಆಗುವ ಕ್ರಮವು ಇಲ್ಲಿಂದ ಹೊರಡುತ್ತದೆ. ಕುಡಿತದ ದೋಷಕ್ಕಿಂತ ಹರಾಜಿನ ಲೆಕ್ಕವೇ ಇದರ ಹಿಂದೆ ಹೆಚ್ಚು ಕೆಲಸ ಮಾಡಿತೆಂದು ನನ್ನ ಅಭಿಪ್ರಾಯ. ಅದೇ ಬ್ರಿಟಿಷ್ ಆಡಳಿತವು ಬಂಗಾಳದಲ್ಲಿ ಗಿರಿಜನರಿಗೆ ತಮ್ಮ ಮನೆಯ ಬಳಕೆಗೆ ಪಚವಾಯಿ ಎಂಬ ಅಕ್ಕಿಯ ಮದ್ಯವನ್ನು ಮಾಡಿಕೊಳ್ಳಲು ಅವಕಾಶವಿತ್ತುದನ್ನು ನೆನೆದರೆ, ಈ ವಿನಾಯಿತಿ ಅಸಾಧ್ಯವಾದುದೇನೂ ಆಗಿರಲಿಲ್ಲ ಎಂಬುದು ಸ್ಪಷ್ಟವಾಗುತ್ತದೆ. ಬಿಯರಂತೂ ದಂಡಿನ ಪಾನೀಯವಾಗಿಯೇ ನಮ್ಮ ಸೀಮೆಗೆ ಬಂದಿತು. ದಕ್ಷಿಣದ ಐದು ಬಿಯರ್ ಕಾರ್ಖಾನೆಗಳನ್ನು ೧೯೧೫ರಲ್ಲಿ ಥಾಮಸ್ ಲೀಶ್ಮನ್ ಎಂಬ ಸ್ಕಾಟ್ಲೆಂಡಿನವನು ಒಂದುಗೂಡಿಸಿದನು. ಯುನೈಟೆಡ್ ಬ್ರೂವರೀಸ್ ಎಂಬ ಆ ಕಂಪನಿಗೆ ೧೯೪೭ರಲ್ಲಿ ವಿಠಲ ಮಲ್ಯರು ಮೊದಲ ಭಾರತೀಯ ನಿರ್ದೇಶಕರಾದರು.

ಭದ್ರಾವತಿಯ ಮಾತಿಗೆ ಮರಳೋಣ. ಬೆಂಕಿಪುರವೆಂಬ ಹಳೆಯ ಹೆಸರಿನ ಈ ಊರಿನಲ್ಲಿ ಹದಿಮೂರನೆಯ ಶತಮಾನದ ಲಕ್ಷ್ಮೀನರಸಿಂಹ ದೇವಾಲಯವನ್ನು ಸುತ್ತಿ ಬೆಳೆದುದು ಹಳೆಯ ಪೇಟೆ. ಹೊಸ ಪೇಟೆಯನ್ನು ಬೆಳೆಸಿದ್ದು ೧೯೧೮ರಲ್ಲಿ ಆರಂಭವಾಗಿ ೧೯೨೩ರಲ್ಲಿ ಉತ್ಪಾದನೆಗೆ ತೊಡಗಿದ ಮೈಸೂರು ಕಬ್ಬಿಣದ ಕಾರ್ಖಾನೆ. ಕಲ್ಲಿದ್ದಲು ದೊರೆಯದ ಸೀಮೆಯಲ್ಲಿ ಕುಲುಮೆಗೆ ಕಾಡಿನ ಮರದ ಇದ್ದಿಲೇ ಗತಿಯಾಯಿತು. ಅದಕ್ಕಾಗಿ ಮರವನ್ನು ಮ��ಚ್ಚಿದ ಕೋಶಗಳಲ್ಲಿ ಕಾಯಿಸಿ, ಹೊರಬರುವ ಆವಿಯನ್ನು ತಣಿಸಿ ಹಿಡಿಯುವ ದೊಡ್ಡ ಸ್ಥಾವರವನ್ನು ಇಲ್ಲಿ ನಿಲ್ಲಿಸಿದರು. ಇದ್ದಿಲಿನೊಡನೆ ಟಾರೂ ಸುಣ್ಣದ ಅಸಿಟೇಟೂ ಮೀಥೈಲ್ ಆಲ್ಕೋಹಾಲೂ ಅಲ್ಲಿ ದೊರೆತುವು. ಹೀಗೆ ಭದ್ರಾವತಿಯ ಕೈಗಾರಿಕೆಯು ಮೊದಲ ದಶಕಗಳಲ್ಲಿ ತಯಾರಿಸಿದ ಮದ್ಯಸಾರವು ಕುಡಿಯಲಾಗದ ಮದ್ಯಸಾರ. ಧಾನ್ಯವನ್ನು ಯೀಸ್ಟಿನಿಂದ ಹುದುಗಿಸಿದರೆ ಹುಟ್ಟುವುದು ಈಥೈಲ್. ಮೀಥೈಲು ಅದರಲ್ಲಿ ಲವಲೇಶ ಮಾತ್ರ. ಮರವನ್ನು ಕಾಯಿಸಿದರೆ ಹುಟ್ಟುವುದು ಮೀಥೈಲ್. ಇದು ಶರೀರದೊಳಗೆ ಫಾರ್ಮಿಕ್ ಆಮ್ಲವಾಗಿ ಮೊದಲು ಕಣ್ಣನ್ನು, ಬಳಿಕ ಪ್ರಾಣವನ್ನು ತೆಗೆಯುತ್ತದೆ. ಎರಡಕ್ಕೂ ರುಚಿ ವಾಸನೆಗಳಲ್ಲಿ ಹೇಳಿಕೊಳ್ಳುವಷ್ಟು ಭೇದವಿಲ್ಲ.

ಈ ಭೇದವಿಲ್ಲದಿರುವಿಕೆಯನ್ನು ಅಬಕಾರಿಯ ಇಲಾಖೆಗಳು ಜಗತ್ತಿನ ಹಲವು ಕಡೆ ಉಪಕರಣವಾಗಿ ಬಳಸಿಕೊಂಡುವು. ಕೈಗಾರಿಕೆಗೆ ಸುಂಕವಿಲ್ಲದ ಮದ್ಯಸಾರ ಬೇಕು. ಅದನ್ನು ಯಾರೂ ಕುಡಿಯಬಾರದು. ಆದುದರಿಂದ ಅದಕ್ಕೆ ಮರದ ಮದ್ಯಸಾರವನ್ನು ಬೆರೆಸಿ ಕೆಡಿಸಿದರು. ‘ಮಿಥಿಲೇಟೆಡ್ ಸ್ಪಿರಿಟ್’ ಎಂಬ ಹೆಸರೇ ಇದರಿಂದ ಬಂದುದು. ಸುಂಕವನ್ನು ಕಾಯುವುದಕ್ಕೆ ವಿಷವನ್ನು ಕಾವಲಿಟ್ಟಂತೆ ಆಯಿತು. ೧೯೮೧ರ ಜುಲೈಯಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿಯನ್ನು ಕುಡಿದು ಮುನ್ನೂರಕ್ಕೂ ಹೆಚ್ಚು ಬಡಜನರು ಸತ್ತರು. ಅದರ ಕಾರಣವೂ ಮೀಥೈಲೇ. ಯಾವ ಮನೆಯಲ್ಲಿಯೂ ಹುದುಗದ, ಕೈಗಾರಿಕೆಯ ದಾರಿಯಿಂದ ಮಾತ್ರ ಬರಬಲ್ಲ ದ್ರವ್ಯ. ಹಳೇನಗರದ ಯಜಮಾನರು ಪೆಟ್ಟಿಗೆಯನ್ನು ತೆರೆಯಗೊಡದಿದ್ದುದಕ್ಕೆ ಮರ್ಯಾದೆ ಕಾನೂನುಗಳ ಜೊತೆಗೆ ಈ ಭಯವೂ ಕಾರಣವೆಂದು ಆಮೇಲೆ ತಿಳಿಯಿತು. “ಮನೇಲಿ ಮಾಡಿದ್ದು ಕುಡಿದು ಜನ ಕಣ್ಣು ಕಳ್ಕೊಂಡಿಲ್ವೇನು?” ಎಂದು ಅವರು ಕೇಳಿದರು. ಜನ ಕಣ್ಣು ಕಳೆದುಕೊಂಡದ್ದು ನಿಜ. ಅದು ಮನೆಯಲ್ಲಿ ಹುದುಗಿದ ಧಾನ್ಯದಿಂದಲ್ಲ. ಜೀವನವೆಲ್ಲ ಆ ಕಾರ್ಖಾನೆಯಲ್ಲಿ ಕಳೆದವರಿಗೆ, ಅಲ್ಲಿಯೇ ಒಂದು ಕಾಲಕ್ಕೆ ತಯಾರಾಗುತ್ತಿದ್ದ ವಸ್ತುವಿನ ಕಥೆಯನ್ನು ನಾನು ಹೇಳಬೇಕಾಗಿ ಬಂದಿತು. ಆದರೂ ಭಟ್ಟಿಯಿಳಿಸುವುದಕ್ಕೂ ಹುದುಗಿಸುವುದಕ್ಕೂ ಇರುವ ಅಂತರವು ಜನರ ಮನಸ್ಸಿನಲ್ಲಿ ಇಷ್ಟು ಸಂಪೂರ್ಣವಾಗಿ ಅಳಿಸಿಹೋದುದು ಆಶ್ಚರ್ಯ. ಕಾನೂನು ಎರಡನ್ನೂ ಒಂದೇ ಮಾತಿನಲ್ಲಿ ಹಿಡಿದುದರ ಪರಿಣಾಮ ಇದೆಂದು ತೋರುತ್ತದೆ.

ಆ ಕಾನೂನು ಯಾವುದು? ಹಳೆಯ ಮೈಸೂರು ರಾಜ್ಯದ ಹಲವು ಜಿಲ್ಲೆಗಳಲ್ಲಿ ಸ್ವಾತಂತ್ರ್ಯಾನಂತರ ಜಾರಿಗೆ ಬಂದಿದ್ದ ಪಾನನಿರೋಧವನ್ನು ೧೯೬೭ರಲ್ಲಿ ತೆಗೆಯಲಾಯಿತು. ಅದರ ಸ್ಥಾನಕ್ಕೆ ಬಂದುದು ೧೯೬೫ರ ಅಬಕಾರಿ ಅಧಿನಿಯಮ. ರಾಜ್ಯದ ಹೆಸರು ೧೯೭೩ರಲ್ಲಿ ಬದಲಾದ ಮೇಲೆ ಕರ್ನಾಟಕ ಅಬಕಾರಿ ಅಧಿನಿಯಮವೆಂದು ಅದನ್ನು ಕರೆಯುತ್ತಾರೆ. ಅದರ ಪ್ರಕಾರ ಪರವಾನಗಿಯಿಲ್ಲದೆ ಮಾದಕ ದ್ರವ್ಯವನ್ನು ತಯಾರಿಸಕೂಡದು. ತಯಾರಿಸುವ ಉದ್ದೇಶದಿಂದ ಸಾಮಗ್ರಿ, ಪಾತ್ರೆ, ಉಪಕರಣಗಳನ್ನು ಇಟ್ಟುಕೊಳ್ಳಲೂ ಕೂಡದು. ಬಿಯರಿನ ವ್ಯಾಖ್ಯೆಯಲ್ಲಿ ಮೊಳೆತ ಧಾನ್ಯದಿಂದ ಹುದುಗಿಸಿದ ಪಾನೀಯಗಳೆಲ್ಲ ಅಡಕವಾಗುತ್ತವೆ. ಆದುದರಿಂದ ಮೊಳೆತ ರಾಗಿಯಿಂದ ಮಾಡಿದರೂ ಅದು ಬಿಯರೇ. ಯಜಮಾನರ ಕಾನೂನಿನ ವಾದವು ಸರಿಯಾಗಿಯೇ ಇದ್ದಿತು. ೨೦೦೭ರ ಜುಲೈ ೧ರಿಂದ ಸಾರಾಯಿಯ ಮಾರಾಟ ನಿಂತಿತು; ೨೦೧೧ರ ಸುಮಾರಿನಿಂದ ಬೆಂಗಳೂರಿನಲ್ಲಿ ಉಪಾಹಾರಗೃಹಗಳೊಳಗೇ ಬಿಯರು ತಯಾರಿಸುವ ಸಣ್ಣ ಘಟಕಗಳು ಪರವಾನಗಿ ಪಡೆದು ನಡೆಯತೊಡಗಿದುವು. ಬಡವನ ಸೀಸೆ ಹೋಯಿತು, ಧನಿಕನ ಕೊಳಗ ಬಂದಿತು. ಮನೆಯ ಮಡಕೆಯನ್ನು ಎರಡು ಸಂದರ್ಭಗಳಲ್ಲಿಯೂ ಯಾರೂ ನೆನೆಯಲಿಲ್ಲ.

ಪೆಟ್ಟಿಗೆಯು ಹುಟ್ಟಿದ ದೇಶಗಳಲ್ಲಿಯೂ ಈ ಸ್ವಾತಂತ್ರ್ಯವು ಅನಾದಿಯಿಂದ ಇದ್ದುದಲ್ಲ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಇಂಗ್ಲೆಂಡಿನಲ್ಲಿ ಹಳ್ಳಿಯ ಹೆಂಗಸರು ತಲೆತಲಾಂತರದಿಂದ ಮನೆಯಲ್ಲಿ ಬಿಯರು ಮಾಡುತ್ತಿದ್ದರೂ, ೧೮೮೦ರಲ್ಲಿ ಗ್ಲ್ಯಾಡ್‌ಸ್ಟನನು ಮೊಳಕೆಯ ಧಾನ್ಯದ ಮೇಲಿದ್ದ ತೆರಿಗೆಯನ್ನು ತೆಗೆದು ಬಿಯರಿನ ಮೇಲೆ ಹಾಕಿದಾಗ ಮನೆಯವರಿಗೂ ಪರವಾನಗಿ ಬೇಕಾಯಿತು. ಅದು ರದ್ದಾದುದು ೧೯೬೩ರಲ್ಲಿ, ಮಾಡ್ಲಿಂಗನು ಅರ್ಥಸಚಿವನಾಗಿದ್ದಾಗ. ಅಮೆರಿಕದಲ್ಲಿ ೧೯೨೦ರಿಂದ ೧೯೩೩ರವರೆಗೆ ಪಾನನಿರೋಧವಿದ್ದ ಕಾಲದಲ್ಲಿ ಬಿಯರ್ ಕಂಪನಿಗಳೇ ಮೊಳಕೆರಸದ ಡಬ್ಬಗಳನ್ನು ಅಡುಗೆಯ ನೆಪದಲ್ಲಿ ಮಾರಿದುವು. ಕೊಂಡವರು ಅದನ್ನು ಏನು ಮಾಡುತ್ತಿದ್ದರೆಂಬುದು ಎಲ್ಲರಿಗೂ ಗೊತ್ತಿದ್ದಿತು. ನಿರೋಧವು ಹೋದ ಮೇಲೂ ಮನೆಯ ಬಿಯರಿಗೆ ಒಪ್ಪಿಗೆ ದೊರೆಯಲು ಕಾರ್ಟರರು ೧೯೭೮ರ ಅಕ್ಟೋಬರಿನಲ್ಲಿ ಸಹಿ ಮಾಡಬೇಕಾಯಿತು. ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ ಇನ್ನೂರು ಗ್ಯಾಲನ್, ಮಾರುವಂತಿಲ್ಲ ಎಂಬುದು ಅಲ್ಲಿಯ ನಿಯಮ. ಮಾಡಿಕೊಳ್ಳಬಹುದು, ಮಾರಕೂಡದು ಎಂಬ ಈ ಗೆರೆಯು ಸುರಾಧ್ಯಕ್ಷ ಪ್ರಕರಣದ ಗೆರೆಗೆ ಬಹಳ ಸಮೀಪದಲ್ಲಿ ಹಾಯುತ್ತದೆ. ಆ ದೇಶದ ಶಾಸನಕರ್ತರು ಕೌಟಿಲ್ಯನನ್ನು ಓದಿರಲಾರರು. ಓದಿದ ನಾವು, ಅದರಲ್ಲಿಯೂ ಆ ಗ್ರಂಥವನ್ನು ಬೆಳಕಿಗೆ ತಂದ ಮೈಸೂರಿನವರು, ಅದರ ದಂಡದ ಭಾಗವನ್ನು ನೆನಪಿಟ್ಟುಕೊಂಡು ವಿನಾಯಿತಿಯ ಭಾಗವನ್ನು ಮರೆತೆವು.

ಶಿವಮೊಗ್ಗೆಯ ಹೆಸರನ್ನು ಸಿಹಿಮೊಗೆ, ಎಂದರೆ ಸಿಹಿಯಾದ ಮಡಕೆ, ಎಂದು ಬಿಡಿಸುವ ಐತಿಹ್ಯವೊಂದುಂಟು. ಋಷಿಯೊಬ್ಬನು ಮೂಲಿಕೆಗಳನ್ನು ಮಡಕೆಯಲ್ಲಿ ಕುದಿಸಿ ಆ ಸಿಹಿರಸವನ್ನು ಇಲ್ಲಿ ಪಾನ ಮಾಡುತ್ತಿದ್ದನಂತೆ. ಭಾಷಾಶಾಸ್ತ್ರಜ್ಞರು ಇದನ್ನು ಒಪ್ಪಬೇಕಾದುದಿಲ್ಲ. ಮೊಗೆಯಲ್ಲಿ ಉಳಿದ ಸಿಹಿರಸವು ಮಾರನೆಯ ದಿನ ಏನಾಗುತ್ತಿದ್ದಿತು ಎಂದು ಮೊಮ್ಮಗಳು ಕೇಳಿದಳು. ಐತಿಹ್ಯದಲ್ಲಿ ಅದರ ಪ್ರಸ್ತಾಪವಿಲ್ಲ.

ಪೆಟ್ಟಿಗೆಯು ಕೊನೆಗೂ ಅದರ ಉದ್ದೇಶಕ್ಕೆ ಒದಗಲಿಲ್ಲ. ಡಬ್ಬದ ಮೇಲೆ ಅಚ್ಚಾಗಿದ್ದ ಅವಧಿ ಮುಗಿಯಿತು. ಅದನ್ನು ಹಾಗೆಯೇ ಎಸೆದರು. ಯೀಸ್ಟಿನ ಪೊಟ್ಟಣದಿಂದ ಆಕೆ ಒಮ್ಮೆ ಬ್ರೆಡ್ಡು ಮಾಡಿದಳು. ತುಸು ಕಹಿಯಾಗಿತ್ತೆಂದು ಹೇಳಿದಳು. ಸಾಂದ್ರತೆಯ ಮಾಪಕವನ್ನು ರಸಾಯನಶಾಸ್ತ್ರದ ವಿಭಾಗಕ್ಕೆ ಕೊಟ್ಟಿದ್ದಾರೆ. ಪ್ಲಾಸ್ಟಿಕ್ಕಿನ ಪೀಪಾಯಿಯಲ್ಲಿ ಆ ಮನೆಯವರು ಈಗ ಅಕ್ಕಿಯನ್ನು ತುಂಬಿಡುತ್ತಾರೆ.